ಓದುಗರ ಪ್ರಶ್ನೆ: ಬೆಟ್ಟದ ಸೈಕಲ್ಲಿನ ಮೋಟಾರು ಮತ್ತು ಮಳೆಗಾಲದ ಕೆಸರು

ಮುಂಗಾರು ಹಿಡಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮೋಟಾರು ಅಳವಡಿಸಿದ ಬೆಟ್ಟದ ಸೈಕಲ್ಲುಗಳನ್ನು ಕುರಿತವೇ ಹೆಚ್ಚಾಗಿದ್ದುದರಿಂದ ಈ ಸಂಚಿಕೆಯ ಪುಟಗಳನ್ನು ಅವಕ್ಕೇ ಬಿಟ್ಟುಕೊಟ್ಟಿದ್ದೇನೆ. ಮಿಕ್ಸಿಯ ಕಪ್ಲರು ಹಾಗೂ ಯುಪಿಎಸ್ ಬ್ಯಾಟರಿಯ ಬಗ್ಗೆ ಬರೆದವರು ಮುಂದಿನ ಸಂಚಿಕೆಯವರೆಗೆ ದಯವಿಟ್ಟು ಕಾಯಬೇಕು. ನಾನು ಈ ಕೆಲಸ ಕಲಿತದ್ದು ರೈತರು ಗಾಡಿಯಲ್ಲಿ ಹೇರಿಕೊಂಡು ರಿವೈಂಡಿಂಗಿಗೆ ತರುತ್ತಿದ್ದ ಪಂಪ್‌ಸೆಟ್ಟುಗಳ ಮೇಲೆ. ಸೈಕಲ್ಲಿನ ಮೋಟಾರುಗಳು ಕೈಗೆ ಬಂದದ್ದು ತೀರ ಈಚೆಗೆ. ಆದರೆ ನೀರು, ಮಣ್ಣು ಮತ್ತು ಬಿಸಿ ಸೇರಿಕೊಂಡು ಮೋಟಾರನ್ನು ಕೆಡಿಸುವ ರೀತಿ ಎರಡರಲ್ಲೂ ಒಂದೇ ಎಂಬುದನ್ನು ಮೊದಲ ಸೈಕಲ್ಲನ್ನು ಬಿಚ್ಚಿದ ದಿನವೇ ಕಂಡುಕೊಂಡೆ.

ಪ್ರಶ್ನೆ (ಯಲಹಂಕದ ಓದುಗರೊಬ್ಬರಿಂದ): ಎರಡು ವರ್ಷಗಳ ಹಿಂದೆ, ಪೆಡಲಿನ ಅಚ್ಚಿನ ಬಳಿ ಮೋಟಾರು ಇರುವ ಬೆಟ್ಟದ ಸೈಕಲ್ಲನ್ನು ಕೊಂಡೆ. ಭಾನುವಾರಗಳಂದು ಹೆಸರಘಟ್ಟದ ಕಡೆಯ ಮಣ್ಣಿನ ಹಾದಿಗಳಲ್ಲಿ ಓಡಿಸುತ್ತೇನೆ. ಮಳೆಗಾಲದಲ್ಲಿ ಸೈಕಲ್ಲು ಕೆಂಪು ಕೆಸರಿನಿಂದ ಮುಚ್ಚಿಹೋಗುವುದರಿಂದ, ಹಿಂದಿರುಗುವ ದಾರಿಯಲ್ಲೇ ಕಾರು ತೊಳೆಯುವ ಅಂಗಡಿಯೊಂದರಲ್ಲಿ ಪ್ರತಿ ವಾರವೂ ತಪ್ಪದೆ ವಾಟರ್ ವಾಶ್ ಮಾಡಿಸಿದ್ದೇನೆ. ಇಷ್ಟು ಶುಚಿಯಾಗಿ ಇಟ್ಟುಕೊಂಡರೂ ಈಗ ತುಳಿಯುವಾಗಲೆಲ್ಲ ಮೋಟಾರಿನೊಳಗಿಂದ ಗರಗರ ಸದ್ದು ಬರುತ್ತಿದೆ. ಕೆಸರು ನುಗ್ಗಿ ಬೇರಿಂಗು ಹೋಗಿದೆ ಎಂದು ಸರ್ವಿಸ್‌ನವರು ಹೇಳುತ್ತಾರೆ. ಮುಂದೆ ಕೆಸರು ನುಗ್ಗದಂತೆ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕೆಸರಿನ ವರ್ಣನೆಯಲ್ಲ, ‘ಹಿಂದಿರುಗುವ ದಾರಿಯಲ್ಲೇ’ ಎಂಬ ಮಾತು. ರೋಗದ ಬೇರು ಅಲ್ಲಿದೆ. ಕೆಸರು ನಿರಪರಾಧಿಯೆಂದು ನಾನು ಹೇಳುತ್ತಿಲ್ಲ; ಆದರೆ ಅದು ತಾನಾಗಿಯೇ ಮೋಟಾರಿನೊಳಗೆ ಹೋಗುವುದು ಕಷ್ಟ, ಅದಕ್ಕೆ ಯಾರಾದರೂ ಬಾಗಿಲು ತೆರೆದುಕೊಡಬೇಕು.

ಮೊದಲು ನಮ್ಮ ಮಣ್ಣಿನ ಗುಣವನ್ನು ನೋಡೋಣ. ಬೆಂಗಳೂರಿನ ಸುತ್ತಲಿನ ಕೆಮ್ಮಣ್ಣು, ಲಾಲ್‌ಬಾಗಿನ ಬಂಡೆಯಲ್ಲಿ ನಾವೆಲ್ಲ ಹತ್ತಿ ಇಳಿದಿರುವ ಅದೇ ಜಾತಿಯ ನೈಸ್ ಮತ್ತು ಗ್ರಾನೈಟ್ ಶಿಲೆಗಳು ಶಿಥಿಲಗೊಂಡು ಆದದ್ದು. ಅದರ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನಿಂದ ಬಂದದ್ದು. ಆ ಬಣ್ಣದ ನುಣುಪಾದ ಜೇಡಿಯೊಳಗೆ ಸವೆಯದೆ ಉಳಿದಿರುವ ಬೆಣಚುಕಲ್ಲಿನ, ಎಂದರೆ ಕ್ವಾರ್ಟ್ಜಿನ, ಸಣ್ಣ ಹರಳುಗಳು ಸೇರಿಕೊಂಡಿರುತ್ತವೆ. ಗಡಸುತನದ ಮೋಸ್ ಅಳತೆಯಲ್ಲಿ ಕ್ವಾರ್ಟ್ಜಿನ ಸ್ಥಾನ 7. ಸಾಧಾರಣ ಉಕ್ಕನ್ನು ಅದು ಸಲೀಸಾಗಿ ಗೀರುತ್ತದೆ. ಜೇಡಿ ಅಂಟಿಕೊಳ್ಳುತ್ತದೆ, ಹರಳು ಅರೆಯುತ್ತದೆ. ಎಂಜಿನ್ನಿನ ವಾಲ್ವುಗಳನ್ನು ಕೂರಿಸಲು ಹಳೆಯ ಮೆಕ್ಯಾನಿಕ್ಕುಗಳು ಒಂದು ಪೇಸ್ಟನ್ನು ಹಚ್ಚಿ ತಿರುವಿ ತಿರುವಿ ಉಜ್ಜುತ್ತಿದ್ದುದನ್ನು ನೀವು ನೋಡಿದ್ದರೆ, ಗ್ರೀಸಿನೊಡನೆ ಕಲೆತ ನಮ್ಮ ಕೆಮ್ಮಣ್ಣು ಬೇರಿಂಗಿನೊಳಗೆ ಮಾಡುವ ಕೆಲಸವೂ ಅದೇ ಎಂದು ತಿಳಿಯಬಹುದು.

ಆದರೆ ಪೆಡಲಿನ ಅಚ್ಚು ಮೋಟಾರಿನಿಂದ ಹೊರಬರುವಲ್ಲಿ ರಬ್ಬರಿನ ಸೀಲು ಇರುತ್ತದೆ, ಅದರ ತೆಳುವಾದ ತುಟಿ ಅಚ್ಚನ್ನು ಸದಾ ಒತ್ತಿ ಹಿಡಿದಿರುತ್ತದೆ. ಗಟ್ಟಿ ಕೆಸರು ಆ ತುಟಿಯ ಹೊರಗೇ ನಿಂತು ಒಣಗುತ್ತದೆ. ತೊಂದರೆ ಶುರುವಾಗುವುದು ಅದನ್ನು ತೆಳ್ಳಗೆ ಮಾಡಿ, ಬಲವಾಗಿ ಒಳಕ್ಕೆ ತಳ್ಳಿದಾಗ. ಇಂತಹ ಸಾಧನಗಳು ನೀರಿನ ಧಾರೆಯನ್ನು ತಾಳುತ್ತವೆಯೇ ಎಂದು ನೋಡುವ ಐಪಿಎಕ್ಸ್5 ಪರೀಕ್ಷೆಯಲ್ಲಿ 6.3 ಮಿಲಿಮೀಟರ್ ಬಾಯಿಯ ಕೊಳವೆಯಿಂದ, ಎರಡೂವರೆಯಿಂದ ಮೂರು ಮೀಟರ್ ದೂರದಲ್ಲಿ ನಿಂತು, ನಿಮಿಷಕ್ಕೆ 12.5 ಲೀಟರಿನಂತೆ ನೀರು ಹಾಯಿಸುತ್ತಾರೆ. ಅದಕ್ಕೆ ಬೇಕಾಗುವ ಒತ್ತಡ ಸುಮಾರು 30 ಕಿಲೋಪಾಸ್ಕಲ್, ಎಂದರೆ ವಾಯುಮಂಡಲದ ಒತ್ತಡದ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಕಾರು ತೊಳೆಯುವ ಯಂತ್ರಗಳು ನೀರನ್ನು ನೂರು ಬಾರ್‌ನ, ಎಂದರೆ ವಾಯುಮಂಡಲದ ಒತ್ತಡದ ನೂರರಷ್ಟರ, ಆಸುಪಾಸಿನ ಒತ್ತಡದಲ್ಲಿ ಹೊರಚಿಮ್ಮಿಸುತ್ತವೆ, ಅದನ್ನು ಹಿಡಿದ ಹುಡುಗ ಕೆಸರು ಬಿಡಲೆಂದು ಗನ್ನನ್ನು ಒಂದು ಗೇಣು ದೂರಕ್ಕೆ ತರುತ್ತಾನೆ. ಆ ಧಾರೆಯೆದುರು ಸೀಲಿನ ತುಟಿ ಎದ್ದು ನಿಲ್ಲುತ್ತದೆ, ಹೊರಗೆ ಕಾದು ಕುಳಿತಿದ್ದ ಹರಳುಗಳು ನೀರಿನೊಡನೆ ಒಳಗೆ ಇಳಿಯುತ್ತವೆ, ಗ್ರೀಸು ಕೊಚ್ಚಿಕೊಂಡು ಹೋಗುತ್ತದೆ. ಇಂತಹ ಮೋಟಾರುಗಳನ್ನು ತಯಾರಿಸುವ ಬಾಷ್ ಮತ್ತು ಶಿಮಾನೊ ಕಂಪನಿಗಳು ತಮ್ಮ ಕೈಪಿಡಿಗಳಲ್ಲಿ ಒತ್ತಡದ ನೀರಿನಿಂದ ತೊಳೆಯಬಾರದೆಂದು ಬರೆದಿರುವುದು ಇದೇ ಕಾರಣಕ್ಕೆ.

ಇದಕ್ಕಿಂತ ಸೂಕ್ಷ್ಮವಾದ, ಹೆಚ್ಚಿನವರು ಗಮನಿಸದ ಇನ್ನೊಂದು ಕಾರಣವೂ ಇದೆ. ಬೆಳಿಗ್ಗೆ ಬಿಸಿ ಅನ್ನ ತುಂಬಿ ಬಿಗಿಯಾಗಿ ಮುಚ್ಚಿದ ಸ್ಟೀಲ್ ಡಬ್ಬಿಯ ಮುಚ್ಚಳ ಮಧ್ಯಾಹ್ನ ಊಟದ ಹೊತ್ತಿಗೆ ಎಷ್ಟು ಎಳೆದರೂ ಬಾರದೆ ಹಟ ಹಿಡಿಯುವುದು ನಿಮಗೆ ಗೊತ್ತಿರುತ್ತದೆ. ಒಳಗಿನ ಗಾಳಿ ತಣ್ಣಗಾಗಿ ಒತ್ತಡ ಇಳಿದು, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿದಿರುತ್ತದೆ. ಮೋಟಾರೂ ಅಂತಹುದೇ ಡಬ್ಬಿ. ಏರು ಹತ್ತಿ ಬಂದ ಮೋಟಾರಿನೊಳಗಿನ ಗಾಳಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದು, ಅದರ ಮೇಲೆ ತಣ್ಣೀರು ಸುರಿದು 25 ಡಿಗ್ರಿಗೆ ಇಳಿಸಿದರೆ, ಒಳಗಿನ ಒತ್ತಡ ಸುಮಾರು ಹತ್ತನೆಯ ಒಂದು ಪಾಲು ಕುಗ್ಗುತ್ತದೆ. ಅದು ಒಂದು ಮೀಟರ್ ಆಳದ ನೀರಿನ ಒತ್ತಡಕ್ಕೆ ಸಮ. ಎಂದರೆ ಮೋಟಾರು ತನ್ನ ಮೇಲೆ ಬಿದ್ದ ನೀರನ್ನು ಸೀಲಿನ ಮೂಲಕ ತಾನೇ ಹೀರಿಕೊಳ್ಳಲು ಹವಣಿಸುತ್ತದೆ. ಈ ಏರಿಳಿತವನ್ನು ಸರಿದೂಗಿಸಲೆಂದೇ ಕೆಲವು ಮೋಟಾರುಗಳಲ್ಲಿ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಸಣ್ಣ ಪೊರೆಯ ಕಿಂಡಿಯನ್ನು ಇಟ್ಟಿರುತ್ತಾರೆ. ಕೆಸರು ಮೆತ್ತಿಕೊಂಡು ಆ ಕಿಂಡಿ ಮುಚ್ಚಿಹೋದರೆ ಉಸಿರಾಡಲು ಉಳಿಯುವುದು ಸೀಲಿನ ದಾರಿ ಮಾತ್ರ. ಬಿಸಿ ಮೋಟಾರನ್ನು ನೇರವಾಗಿ ವಾಟರ್ ವಾಶ್‌ಗೆ ಒಯ್ದ ನೀವು ಎರಡು ವರ್ಷಗಳ ಕಾಲ ಒಳಗಿಂದ ಹೀರಿಸಿ, ಹೊರಗಿಂದ ತಳ್ಳಿಸಿ, ಎರಡನ್ನೂ ಒಟ್ಟಿಗೇ ಮಾಡಿದ್ದೀರಿ. ಬೇಸರಿಸಿಕೊಳ್ಳಬೇಡಿ, ಶುಚಿಯನ್ನು ಪ್ರೀತಿಸುವವರ ಸೈಕಲ್ಲುಗಳೇ ಈ ತೊಂದರೆಯಿಂದ ನನ್ನ ಮೇಜಿಗೆ ಹೆಚ್ಚು ಬರುತ್ತವೆ. ಸೋಮಾರಿಗಳ ಮೋಟಾರು ಹೊರಗೆ ಕೊಳಕಾಗಿದ್ದರೂ ಒಳಗೆ ಒಣಗಿರುತ್ತದೆ.

ಇನ್ನು ಮುಂದೆ ಹೀಗೆ ಮಾಡಿ. ಮನೆಗೆ ಬಂದ ಮೇಲೆ ಸೈಕಲ್ಲನ್ನು ನೆರಳಿನಲ್ಲಿ ಒಂದು ಗಂಟೆಯಾದರೂ ನಿಲ್ಲಿಸಿ, ಮೋಟಾರಿನ ಮೈಯನ್ನು ಅಂಗೈಯಿಂದ ಮುಟ್ಟಿದಾಗ ಬಿಸಿ ತಿಳಿಯಬಾರದು. ಅಷ್ಟರಲ್ಲಿ ದಪ್ಪ ಕೆಸರು ಒಣಗಿ ಬಿರುಕು ಬಿಟ್ಟಿರುತ್ತದೆ, ಅದನ್ನು ಮೆತ್ತನೆಯ ಬ್ರಷ್ಷಿನಿಂದ ಉದುರಿಸಿದರೆ ಮುಕ್ಕಾಲು ಪಾಲು ಕೆಲಸ ನೀರಿಲ್ಲದೆಯೇ ಮುಗಿಯುತ್ತದೆ. ಉಳಿದುದಕ್ಕೆ ಒಂದು ಬಕೆಟ್ ನೀರು, ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ, ಸ್ಪಂಜು ಸಾಕು. ಸೀಲಿನ ಸುತ್ತ ಸ್ಪಂಜನ್ನು ಹಿಂಡಬೇಡಿ; ಹಿಂಡಿ ತೆಗೆದ ಸ್ಪಂಜಿನಿಂದ ಒರೆಸಿ. ಬ್ಯಾಟರಿಯನ್ನು ಹೊರತೆಗೆದಿದ್ದರೆ ಖಾಲಿಯಾದ ಗೂಡನ್ನು ಒಣ ಬಟ್ಟೆಯಿಂದ ಮುಚ್ಚಿಡಿ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ತೊಳೆಯುವ ಅಭ್ಯಾಸವಿದ್ದರೆ ಅದನ್ನೂ ಬಿಡಬೇಕು. ಮೋಟಾರಿನ ಅಡಿಯಲ್ಲಿ, ಸೀಟಿನ ಕೊಳವೆಯಿಂದ ಇಳಿದ ಮಳೆನೀರು ಬಸಿದುಹೋಗಲು ಚೌಕಟ್ಟಿನಲ್ಲೊಂದು ರಂಧ್ರವನ್ನು ಬಹಳಷ್ಟು ತಯಾರಕರು ಕೊಟ್ಟಿರುತ್ತಾರೆ. ಅದು ಕೆಸರಿನಿಂದ ಮುಚ್ಚಿದ್ದರೆ ಊದುಕಡ್ಡಿಯಿಂದ ಬಿಡಿಸಿ, ಏಕೆಂದರೆ ಅದು ಕಟ್ಟಿಕೊಂಡರೆ ಮೋಟಾರು ದಿನಗಟ್ಟಲೆ ನೀರಿನ ಗುಂಡಿಯಲ್ಲಿ ಕುಳಿತಂತಾಗುತ್ತದೆ.

ಈಗ ಸದ್ದು ಮಾಡುತ್ತಿರುವ ಬೇರಿಂಗಿಗೆ ಬದಲಾವಣೆಯ ಹೊರತು ಬೇರೆ ಉಪಾಯವಿಲ್ಲ. ಡಬ್ಲ್ಯುಡಿ-40 ಆಗಲಿ, ಸೀಮೆಎಣ್ಣೆಯಾಗಲಿ ಸೀಲಿನ ಸಂದಿಯಿಂದ ಬಿಟ್ಟರೆ ಎರಡು ದಿನ ಸದ್ದು ನಿಂತು ಗುಣವಾಯಿತೆಂಬ ಭ್ರಮೆ ಹುಟ್ಟುತ್ತದೆ. ಅಷ್ಟರಲ್ಲಿ ಉಳಿದಿದ್ದ ಗ್ರೀಸೂ ಕರಗಿರುತ್ತದೆ, ಸೀಮೆಎಣ್ಣೆಯಾದರೆ ರಬ್ಬರನ್ನು ಉಬ್ಬಿಸಿ ಸೀಲನ್ನೂ ಕೆಡಿಸಬಹುದು. ಗ್ಯಾರಂಟಿ ಅವಧಿ ಉಳಿದಿದ್ದರೆ ನೀವೇ ಬಿಚ್ಚಬೇಡಿ.

ಪ್ರಶ್ನೆ (ಬನಶಂಕರಿಯ ಓದುಗರೊಬ್ಬರಿಂದ): ನನ್ನ ಮೋಟಾರಿನ ವಿವರಪಟ್ಟಿಯಲ್ಲಿ ಐಪಿ 67 ಎಂದು ಬರೆದಿದೆ. ನೀರಿನಲ್ಲಿ ಮುಳುಗಿಸಿದರೂ ಏನೂ ಆಗದ ಮೋಟಾರಿಗೆ ಪೈಪಿನ ನೀರಿನ ಭಯವೇಕೆ?

ಉತ್ತರ: ಆ ಎರಡು ಅಂಕಿಗಳನ್ನು ಬೇರೆ ಬೇರೆಯಾಗಿ ಓದಬೇಕು. ಮೊದಲನೆಯದು ಧೂಳಿಗೆ ಸಂಬಂಧಿಸಿದ್ದು, 6 ಎಂದರೆ ಧೂಳು ಒಳಹೋಗದು. ಎರಡನೆಯದು ನೀರಿಗೆ, 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಹಾನಿಯಾಗುವಷ್ಟು ನೀರು ಒಳಸೇರದು. ಇವನ್ನು ಪರೀಕ್ಷೆಯ ಅಂಕಗಳಂತೆ, ಏಳು ಬಂದವನು ಐದರಲ್ಲಿ ತಾನಾಗಿಯೇ ಪಾಸು ಎಂದು ಎಣಿಸುವುದು ಎಲ್ಲರೂ ಮಾಡುವ ತಪ್ಪು. ನೀರಿನ ಧಾರೆಗೆ ಸಂಬಂಧಿಸಿದ 5 ಮತ್ತು 6ರ ಪರೀಕ್ಷೆಗಳು ಬೇರೆಯೇ. ಎರಡನ್ನೂ ತಾಳುವ ವಸ್ತುವಿನ ಮೇಲೆ ಎರಡು ಸಂಕೇತಗಳನ್ನೂ ನಮೂದಿಸುವುದು ಕ್ರಮ. ಸುಮ್ಮನೆ ನಿಂತ ನೀರು ಸೀಲನ್ನು ಸುತ್ತಲಿಂದಲೂ ಸಮವಾಗಿ ಒತ್ತುತ್ತದೆ, ಧಾರೆ ಒಂದೇ ಕಡೆ ಇರಿಯುತ್ತದೆ.

ಇದರ ಮೇಲೆ, ಆ ಪರೀಕ್ಷೆ ನಡೆಯುವುದು ಹೊಸ ಮೋಟಾರಿನ ಮೇಲೆ, ಶುದ್ಧ ನೀರಿನಲ್ಲಿ. ಮೂರು ಮಳೆಗಾಲ ಕಂಡ ಸೀಲಿನ ಮೇಲೆ, ರಾಡಿ ನೀರಿನಲ್ಲಿ ಯಾರೂ ಪರೀಕ್ಷೆ ಮಾಡಿ ಮುದ್ರೆ ಒತ್ತುವುದಿಲ್ಲ. ನೀವು ಸಕಲೇಶಪುರದ ಕಡೆ ಹೋದಾಗ ಹಳ್ಳ ದಾಟುವುದಿದ್ದರೆ, ಏರು ಹತ್ತಿ ಬಂದ ಕೂಡಲೇ ನೀರಿಗಿಳಿಯದೆ ಹತ್ತಿಪ್ಪತ್ತು ನಿಮಿಷ ಕುಳಿತು, ಮೋಟಾರು ತಣ್ಣಗಾದ ಮೇಲೆ ದಾಟಿ. ಆಳ ಮೊಣಕಾಲು ಮುಟ್ಟುವಂತಿದ್ದರೆ ಸೈಕಲ್ಲನ್ನು ಎತ್ತಿಕೊಂಡೇ ಹೋಗುವುದು ವಾಸಿ, ಭಾರವೆನ್ನುವುದು ನನಗೂ ಗೊತ್ತು.

ಪ್ರಶ್ನೆ (ಜೆ.ಪಿ. ನಗರದ ಓದುಗರೊಬ್ಬರಿಂದ): ಕೆಸರು ತಾಗದಂತೆ ಮೋಟಾರಿಗೆ ಹಳೆಯ ಟ್ಯೂಬಿನ ರಬ್ಬರು ಸುತ್ತಿ, ಸಂದಿಗಳಿಗೆ ಸಿಲಿಕಾನ್ ಮೆತ್ತಬಹುದೇ?

ಉತ್ತರ: ಬೇಡ. ಮೋಟಾರಿನ ಬಿಸಿ ಅದರ ಲೋಹದ ಮೈಯಿಂದಲೇ ಗಾಳಿಗೆ ಹೋಗಬೇಕು. ರಬ್ಬರು ಸುತ್ತುವುದು ಜ್ವರ ಬಂದವನಿಗೆ ಕಂಬಳಿ ಹೊದಿಸಿ ಬಿಸಿಲಿಗೆ ಕೂರಿಸಿದಂತೆ. ಅಲ್ಲದೆ ರಬ್ಬರಿನಡಿ ಸೇರಿದ ನೀರು ಒಣಗದೆ ನಿಲ್ಲುತ್ತದೆ. ಸಿಲಿಕಾನ್ ಮೆತ್ತಿದರೆ ಬಸಿಯುವ ರಂಧ್ರಗಳೂ ಉಸಿರಾಟದ ಕಿಂಡಿಯೂ ಮುಚ್ಚಿಹೋಗುತ್ತವೆ. ಕಲ್ಲು ಬಡಿಯುವ ಭಯವಿದ್ದರೆ ತಯಾರಕರೇ ಕೊಡುವ ಅಡಿಗವಚವನ್ನು ಹಾಕಿಸಿ, ಅದರೊಳಗೆ ಸೇರುವ ಒಣ ಮಣ್ಣನ್ನು ತಿಂಗಳಿಗೊಮ್ಮೆ ಬಿಚ್ಚಿ ತೆಗೆಯಿರಿ. ಕೆಸರಿನ ಬಹುಪಾಲು ಮುಂದಿನ ಚಕ್ರದಿಂದ ಸಿಡಿಯುವುದರಿಂದ, ಮುಂದಿನ ಮಡ್‌ಗಾರ್ಡನ್ನು ಕೆಳಗಿನವರೆಗೆ ಉದ್ದವಾಗಿಸಿದರೆ ಇವೆಲ್ಲಕ್ಕಿಂತ ಹೆಚ್ಚು ಪ್ರಯೋಜನವಾಗುತ್ತದೆ. ಎಣ್ಣೆ ಡಬ್ಬದ ಪ್ಲಾಸ್ಟಿಕ್ಕನ್ನು ಕತ್ತರಿಸಿ ಕಟ್ಟಿದರೂ ಆದೀತು. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ.

ಪ್ರಶ್ನೆ (ವಿಜಯನಗರದ ಓದುಗರೊಬ್ಬರಿಂದ): ನನ್ನ ಹಳೆಯ ಗೇರ್ ಸೈಕಲ್ಲಿನ ಹಿಂಚಕ್ರಕ್ಕೆ, ಚಕ್ರದ ನಡುವಿನಲ್ಲೇ ಕೂರುವ 250 ವ್ಯಾಟಿನ ಹಬ್ ಮೋಟಾರಿನ ಕಿಟ್ ಹಾಕಿಸಿದ್ದೇನೆ. ಊರಿನೊಳಗೆ ಏನೂ ತೊಂದರೆಯಿಲ್ಲ. ನಂದಿ ಬೆಟ್ಟ ಹತ್ತುವಾಗ ಮಾತ್ರ ಅರ್ಧ ದಾಟಿದ ಮೇಲೆ ಸುಟ್ಟ ವಾಸನೆ ಬಂದು ಮೋಟಾರು ನಿಲ್ಲುತ್ತದೆ, ಇಪ್ಪತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದೆ. ಕಳೆದ ತಿಂಗಳು ಮಳೆಯಲ್ಲಿ ಕೆಸರು ದಾರಿ ಹಿಡಿದು ಬಂದ ಮೇಲೆ ಹೊರಡುವಾಗ ನಡುಗುತ್ತಾ ಜಗ್ಗುತ್ತದೆ. ಮೋಟಾರಿಗೆ ಕರೆಂಟು ಅಳೆದು ಕೊಡುವ ಕಂಟ್ರೋಲರನ್ನು ಹೆಚ್ಚು ಆಂಪಿಯರಿನದು ಹಾಕಿಸಿದರೆ ಸರಿಹೋಗುತ್ತದೆಂದು ಒಬ್ಬರು, ಹಬ್ಬಿನ ಮುಚ್ಚಳಕ್ಕೆ ನಾಲ್ಕು ತೂತು ಕೊರೆಸಿದರೆ ಗಾಳಿಯಾಡುತ್ತದೆಂದು ಇನ್ನೊಬ್ಬರು ಹೇಳುತ್ತಾರೆ.

ಉತ್ತರ: ಇಬ್ಬರ ಮಾತನ್ನೂ ಕೇಳಬೇಡಿ. ನಿಮ್ಮ ಮೋಟಾರಿಗೆ ಎರಡು ಬೇರೆ ಬೇರೆ ಕಾಯಿಲೆಗಳಿವೆ, ಒಂದು ಬಿಸಿಯದು, ಇನ್ನೊಂದು ನೀರಿನದು.

ಬಿಸಿಯ ಲೆಕ್ಕ ಸರಳವಾಗಿದೆ. ನೀವೂ ಸೈಕಲ್ಲೂ ಸೇರಿ 100 ಕಿಲೋ ತೂಗುತ್ತೀರೆಂದು ಇಟ್ಟುಕೊಳ್ಳಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತಲು, ಗಾಳಿಯ ತಡೆಯನ್ನೂ ಟೈರಿನ ಎಳೆತವನ್ನೂ ಬಿಟ್ಟು, ಏರಿಗೆಂದೇ ಸುಮಾರು 218 ವ್ಯಾಟ್ ಬೇಕು. ಪೆಡಲಿನ ಅಚ್ಚಿನ ಬಳಿ ಇರುವ ಮೋಟಾರಾದರೆ ಸೈಕಲ್ಲಿನ ಗೇರುಗಳನ್ನು ತಾನೂ ಬಳಸಿಕೊಂಡು, ಏರಿನಲ್ಲಿಯೂ ವೇಗವಾಗಿ ತಿರುಗುತ್ತಾ ಹಗುರವಾಗಿ ದುಡಿಯುತ್ತದೆ. ಹಬ್ ಮೋಟಾರಿಗೆ ಆ ಸೌಕರ್ಯವಿಲ್ಲ; ಚಕ್ರ ನಿಧಾನವಾದಂತೆ ಅದೂ ನಿಧಾನವಾಗುತ್ತದೆ, ನಿಧಾನವಾದ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. ತಾಮ್ರದ ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟಾಗುತ್ತದೆ. ತಂತಿ ಬಿಸಿಯಾದಂತೆ ಅದರ ರೋಧವೂ ಏರಿ, ನೂರು ಡಿಗ್ರಿ ಏರಿಕೆಗೆ ಸುಮಾರು ಶೇಕಡ 39ರಷ್ಟು ಹೆಚ್ಚಾಗುತ್ತದೆ. ಒಳಗೆ ತನ್ನದೇ ಹಲ್ಲುಚಕ್ರಗಳಿರುವ ಹಬ್ಬಿನಲ್ಲಿ ತಂತಿಯ ಸುತ್ತುಗಳು ಒಳಗಿನ ಅಚ್ಚಿಗೆ ಅಂಟಿಕೊಂಡಿದ್ದು, ಹೊರಚಿಪ್ಪಿಗೂ ಅವಕ್ಕೂ ನಡುವೆ ಗಾಳಿ ಮಾತ್ರ ಇರುವುದರಿಂದ ಆ ಬಿಸಿ ಹೊರಬರಲು ದಾರಿಯೇ ಕಡಿಮೆ. ನಿಮಗೆ ಬಂದದ್ದು ತಂತಿಯ ಮೇಲೆ ಬಳಿದ ವಾರ್ನಿಷ್ ಕಾದ ವಾಸನೆ. ಪಂಪ್‌ಸೆಟ್ ಮೋಟಾರಿನಿಂದ ಆ ವಾಸನೆ ಬಂದರೆ ನಮ್ಮ ರೈತರು ಓಡಿಹೋಗಿ ಸ್ಟಾರ್ಟರ್ ಆರಿಸುತ್ತಾರೆ, ಸೈಕಲ್ ಸವಾರರು ಇನ್ನೊಂದು ತಿರುವು ನೋಡೋಣ ಎನ್ನುತ್ತಾರೆ. ಸಾಧಾರಣ ದರ್ಜೆಯ ನಿಯೋಡಿಮಿಯಮ್ ಆಯಸ್ಕಾಂತಗಳು ಸುಮಾರು 80 ಡಿಗ್ರಿ ದಾಟಿದರೆ ಶಾಶ್ವತವಾಗಿ ಬಲ ಕಳೆದುಕೊಳ್ಳತೊಡಗುತ್ತವೆ; ಒಳಗಿನ ನೈಲಾನ್ ಹಲ್ಲುಚಕ್ರಗಳೂ ಬಿಸಿಗೆ ಮೆತ್ತಗಾಗಿ ಬೇಗ ಸವೆಯುತ್ತವೆ.

ಹೀಗಿರುವಾಗ ಹೆಚ್ಚು ಆಂಪಿಯರಿನ ಕಂಟ್ರೋಲರ್ ಎಂದರೆ ಉರಿಯುವ ಒಲೆಗೆ ಇನ್ನೊಂದು ಸೌದೆ. ಅದರ ಜೊತೆಗೆ ಕಾನೂನಿನ ಮಾತೂ ಇದೆ: ಕೇಂದ್ರ ಮೋಟಾರು ವಾಹನ ನಿಯಮಗಳು ಶಕ್ತಿ 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇರುವವನ್ನು ಮಾತ್ರ ನೋಂದಣಿಯಿಲ್ಲದೆ ಬಿಟ್ಟಿವೆ. ಏರಿನಲ್ಲಿ ನೀವೂ ತುಳಿಯಿರಿ, ಚಿಕ್ಕ ಗೇರಿಗೆ ಮೊದಲೇ ಬನ್ನಿ, ವೇಗ ನಡಿಗೆಯಷ್ಟಕ್ಕೆ ಇಳಿದರೆ ಮೋಟಾರನ್ನು ಆರಿಸಿ, ವಾಸನೆ ಬರುವ ಮೊದಲೇ ಎರಡು ಕಡೆ ನಿಂತು ಅದನ್ನು ತಣ್ಣಗಾಗಲು ಬಿಡಿ. 1478 ಮೀಟರ್ ಎತ್ತರದ ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ನಡುಗುವ ತೊಂದರೆ ಬಹುಶಃ ನೀರಿನದು. ಇಂತಹ ಮೋಟಾರಿನೊಳಗೆ ಆಯಸ್ಕಾಂತದ ಸ್ಥಾನವನ್ನು ಕಂಡುಹಿಡಿಯುವ ಮೂರು ಹಾಲ್ ಸೆನ್ಸರುಗಳಿರುತ್ತವೆ. ಅವುಗಳ ಕಾಲುಗಳಿಗಾಗಲಿ ಕನೆಕ್ಟರಿಗಾಗಲಿ ತೇವ ಸೇರಿ ಕಿಲುಬು ಹಿಡಿದರೆ ಕಂಟ್ರೋಲರಿಗೆ ತಪ್ಪು ಸುದ್ದಿ ಹೋಗಿ ಮೋಟಾರು ಹೊರಡುವಾಗ ತಡವರಿಸುತ್ತದೆ. ಮೊದಲು ಕನೆಕ್ಟರನ್ನು ಬಿಡಿಸಿ ನೋಡಿ. ಪಿನ್ನುಗಳ ಮೇಲೆ ಹಸಿರು ಕಂಡರೆ ಕಾಂಟ್ಯಾಕ್ಟ್ ಕ್ಲೀನರಿನಿಂದ ಶುಚಿಗೊಳಿಸಿ, ಒಣಗಿಸಿ, ಹೊರಗಿನ ರಬ್ಬರು ಉಂಗುರಕ್ಕೆ ಸಿಲಿಕಾನ್ ಗ್ರೀಸನ್ನು ತೆಳ್ಳಗೆ ಸವರಿ, ಬಾಣದ ಗುರುತುಗಳು ಎದುರುಬದುರಾಗುವಂತೆ ಕೂಡಿಸಿ. ಆಮೇಲೆ ತಂತಿ ಅಚ್ಚಿನೊಳಗೆ ಹೋಗುವ ಜಾಗವನ್ನು ಪರೀಕ್ಷಿಸಿ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರನ್ನು ಲೈನ್‌ಮನ್ನರು ಗೋಡೆಯ ಬಳಿ ಸ್ವಲ್ಪ ಕೆಳಕ್ಕೆ ಜೋತುಬಿಟ್ಟು ಒಳಗೆ ಒಯ್ಯುವುದನ್ನು ನೀವು ನೋಡಿರಬಹುದು, ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗಲಿ ಎಂದು. ಹಬ್ಬಿನ ತಂತಿಯೂ ಹಾಗೆಯೇ ಕೆಳಗಿಂದ ಮೇಲಕ್ಕೆ ಬಂದು ಅಚ್ಚನ್ನು ಸೇರಬೇಕು. ಕಿಟ್ ಕೂರಿಸುವವರು ಅಂದ ಕಾಣಲೆಂದು ತಂತಿಯನ್ನು ಮೇಲಿನಿಂದ ಚೌಕಟ್ಟಿಗೆ ಬಿಗಿದು ಕಟ್ಟಿಬಿಡುತ್ತಾರೆ. ಆಗ ತಂತಿಯ ಮೇಲೆ ಹರಿದ ನೀರೆಲ್ಲ ದಾರಿ ತಪ್ಪದೆ ಮೋಟಾರಿನೊಳಕ್ಕೇ ಇಳಿಯುತ್ತದೆ. ಕೈಯಲ್ಲಿ ಐದು ನಿಮಿಷದಲ್ಲಿ ಸರಿಪಡಿಸಬಹುದಾದ ಈ ತಪ್ಪನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ.

ತೂತು ಕೊರೆಯುವ ವಿಷಯ. ಚಿಕ್ಕಂದಿನಲ್ಲಿ ಹಳೆಯ ಸ್ಪೀಕರಿನ ಆಯಸ್ಕಾಂತಕ್ಕೆ ದಾರ ಕಟ್ಟಿ ಮರಳಿನ ಗುಡ್ಡೆಯಲ್ಲಿ ಎಳೆದಾಡಿ, ಅದಕ್ಕೆ ಮೀಸೆಯಂತೆ ಅಂಟಿದ ಕಪ್ಪು ಕಬ್ಬಿಣದ ಪುಡಿಯನ್ನು ಕಾಗದದ ಮೇಲೆ ಕುಣಿಸಿದವರಿಗೆ ನಮ್ಮ ಮಣ್ಣಿನಲ್ಲಿ ಏನಿದೆಯೆಂದು ಹೇಳಬೇಕಾಗಿಲ್ಲ. ಹಬ್ಬಿನೊಳಗೆ ಸುತ್ತಲೂ ಆಯಸ್ಕಾಂತಗಳೇ ಇವೆ. ತೂತಿನಿಂದ ಗಾಳಿಯೊಡನೆ ಬಂದ ಆ ಪುಡಿ ಅವಕ್ಕೆ ಅಂಟಿದರೆ ಮತ್ತೆ ಬಿಡುವುದಿಲ್ಲ, ಒಂದು ಮಿಲಿಮೀಟರಿಗೂ ಕಿರಿದಾದ ಸಂದಿಯಲ್ಲಿ ಕುಳಿತು ಉಜ್ಜುತ್ತಲೇ ಇರುತ್ತದೆ.

ಪ್ರಶ್ನೆ (ರಾಜಾಜಿನಗರದ ಓದುಗರೊಬ್ಬರಿಂದ): ನಮ್ಮ ಮಗನ ಮೋಟಾರು ಸೈಕಲ್ಲಿಗೆ — ಪೆಡಲಿನದು, ಪೆಟ್ರೋಲಿನದಲ್ಲ — ಒಂದೇ ವರ್ಷದಲ್ಲಿ ಮೂರನೆಯ ಚೈನು ಹಾಕಿಸುತ್ತಿದ್ದೇವೆ. ಅವನ ಸಾಧಾರಣ ಸೈಕಲ್ಲಿನ ಚೈನು ನಾಲ್ಕು ವರ್ಷ ಬಂದಿತ್ತು. ಅಂಗಡಿಯವರು ನಮಗೆ ಮೋಸ ಮಾಡುತ್ತಿದ್ದಾರೆಯೇ?

ಉತ್ತರ: ಇರಲಾರದು, ಅಮ್ಮ. ಒಬ್ಬ ಗಟ್ಟಿ ಸವಾರ ನಿಮಿಷಕ್ಕೆ 80 ಸುತ್ತು ತುಳಿಯುತ್ತಾ 200 ವ್ಯಾಟ್ ಶಕ್ತಿ ಹಾಕಿದಾಗ ಪೆಡಲಿನ ಅಚ್ಚಿನ ಮೇಲೆ ಬೀಳುವ ತಿರುಚುಬಲ ಸರಾಸರಿ 24 ನ್ಯೂಟನ್ ಮೀಟರ್. ಬೆಟ್ಟದ ಸೈಕಲ್ಲುಗಳಲ್ಲಿ ಹೆಸರಾದ ಶಿಮಾನೊ ಇಪಿ8 ಮೋಟಾರೊಂದೇ ಅದರ ಮೇಲೆ 85 ನ್ಯೂಟನ್ ಮೀಟರಿನವರೆಗೆ ಸೇರಿಸಬಲ್ಲದು. ಇಷ್ಟೆಲ್ಲವೂ ಅದೇ ತೆಳ್ಳನೆಯ ಚೈನಿನ ಮೂಲಕ ಹಾಯಬೇಕು, ಅದೂ ಕೆಸರಿನ ಹರಳುಗಳು ಪಿನ್ನುಗಳ ಸಂದಿಯಲ್ಲಿ ಕುಳಿತಿರುವಾಗ.

ಬದಲಿಸುವ ಕಾಲ ಬಂದಿದೆಯೇ ಎಂಬುದನ್ನು ಮಾತ್ರ ನೀವೇ ಅಳೆದು ತಿಳಿಯಬಹುದು. ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ 12.7 ಮಿಲಿಮೀಟರ್. ಅಂತಹ 24 ಕೊಂಡಿಗಳು ಹೊಸ ಚೈನಿನಲ್ಲಿ 304.8 ಮಿಲಿಮೀಟರ್ ಆಗುತ್ತವೆ. ಸ್ಟೀಲ್ ಸ್ಕೇಲನ್ನಿಟ್ಟು ಅಳೆದಾಗ ಅದು 306.3 ಮುಟ್ಟಿದ್ದರೆ ಚೈನು ಶೇಕಡ ಅರ್ಧದಷ್ಟು ಹಿಗ್ಗಿದೆ ಎಂದರ್ಥ. ಹಿಂಚಕ್ರದಲ್ಲಿ 11 ಅಥವಾ 12 ಹಲ್ಲುಚಕ್ರಗಳಿರುವ ಸೈಕಲ್ಲಿನಲ್ಲಿ ಅಲ್ಲಿಗೆ ಬದಲಿಸಬೇಕು. ಬಿಟ್ಟರೆ ಹಿಗ್ಗಿದ ಚೈನು ಚೈನಿಗಿಂತ ಬಹಳ ದುಬಾರಿಯಾದ ಹಲ್ಲುಚಕ್ರಗಳನ್ನು ತಿನ್ನುತ್ತದೆ, ಆಮೇಲೆ ಹಲ್ಲಿನ ಮೇಲೆ ಜಾರಿ ಬಡಿಯುವ ಪ್ರತಿ ಏಟೂ ಮೋಟಾರಿನೊಳಗಿನ ಕ್ಲಚ್ಚಿಗೆ ತಾಗುತ್ತದೆ. ಗೇರು ಬದಲಿಸುವ ಕ್ಷಣದಲ್ಲಿ ಪಾದದ ಒತ್ತಡವನ್ನು ಸಡಿಲಿಸಬೇಕೆಂದು ಮಗನಿಗೆ ಹೇಳಿ, ಮೋಟಾರೂ ಆಗ ಕೈ ಸಡಿಲಿಸುತ್ತದೆ. ಪ್ರತಿ ಮಳೆಯ ಓಟದ ನಂತರ ಚೈನನ್ನು ಒರೆಸಿ, ಒಣಗಿಸಿ, ಕೊಂಡಿಗೊಂದು ಹನಿಯಂತೆ ಎಣ್ಣೆ ಬಿಟ್ಟು, ಹೊರಗಿನ ಎಣ್ಣೆಯನ್ನು ಒರೆಸಿಬಿಡಬೇಕು. ಹೊರಗೆ ಉಳಿದ ಎಣ್ಣೆ ಮಣ್ಣನ್ನು ಕರೆಯುವುದಕ್ಕೆ ಮಾತ್ರ ಉಪಯೋಗ.

ಪ್ರಶ್ನೆ (ಯಮಲೂರಿನ ಓದುಗರೊಬ್ಬರಿಂದ): ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನೀರು ನುಗ್ಗಿ ಹಬ್ ಮೋಟಾರಿನ ಸೈಕಲ್ಲು ಒಂದು ರಾತ್ರಿಯಿಡೀ ಮುಳುಗಿತ್ತು. ಬಿಸಿಲಿನಲ್ಲಿ ಒಣಗಿಸಿ ಚಾರ್ಜ್ ಮಾಡಿ ನೋಡಬಹುದೇ?

ಉತ್ತರ: ಚಾರ್ಜರನ್ನು ಮುಟ್ಟಲೇಬೇಡಿ. 2022ರ ಸೆಪ್ಟೆಂಬರಿನ ನೆರೆಯ ನಂತರ ನಿಮ್ಮ ಕಡೆಯವರಿಗೆ ಇದನ್ನು ಹೊಸದಾಗಿ ವಿವರಿಸಬೇಕಾಗಿಲ್ಲವಾದರೂ ಹೇಳುತ್ತೇನೆ: ರಾಜಕಾಲುವೆ ಉಕ್ಕಿ ಬಂದ ನೀರು ಮಳೆನೀರಲ್ಲ, ಲವಣ ಮತ್ತು ಕೊಳಚೆ ಸೇರಿ ಅದು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಮುಳುಗಿದ ಲಿಥಿಯಮ್ ಬ್ಯಾಟರಿ ಹೊರಗೆ ಒಣಗಿ ಕಂಡರೂ ಒಳಗಿನ ಬೋರ್ಡಿನಲ್ಲಿ ಶಾರ್ಟ್ ಆಗಿ ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಅದನ್ನು ಮನೆಯೊಳಗೆ ತರದೆ, ಗೋಡೆ, ವಾಹನ, ಒಣ ಎಲೆಗಳಿಂದ ದೂರ, ನೆರಳಿರುವ ಬಯಲಿನಲ್ಲಿ ಇಟ್ಟು, ಮಾರಾಟಗಾರರಿಗೆ ಅಥವಾ ಅಧಿಕೃತ ಇ-ತ್ಯಾಜ್ಯ ಸಂಗ್ರಹಕರಿಗೆ ಒಪ್ಪಿಸಿ. ಬ್ಯಾಟರಿಗೆ ಹೊಸದೇ ಗತಿ ಎಂದು ಮನಸ್ಸನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ.

ಮೋಟಾರನ್ನು ಉಳಿಸಿಕೊಳ್ಳುವ ಸಾಧ್ಯತೆ ಇದೆ, ಆದರೆ ಅದು ನೀವು ಎಷ್ಟು ಬೇಗ ಬಿಚ್ಚಿಸುತ್ತೀರಿ ಎಂಬುದನ್ನು ಅವಲಂಬಿಸಿದೆ. ಅಕ್ಕಿಯ ಚೀಲದಲ್ಲಿ ಹೂಳುವುದರಿಂದ ಅಕ್ಕಿ ಕೆಡುತ್ತದೆ, ಅಷ್ಟೇ. ಗಾಳಿ ಹೊಡೆಯುವ ಯಂತ್ರದಿಂದ ಸಂದಿಗೆ ಊದಿಸಿದರೆ ಹೊರಗಿನ ಮಣ್ಣೂ ಒಳಸೇರುತ್ತದೆ. ಹಬ್ಬಿನ ಮುಚ್ಚಳವನ್ನು ಬಿಚ್ಚಿಸಿ, ಒಳಗಿನ ರಾಡಿಯನ್ನು ಮೊದಲು ಶುದ್ಧ ನೀರಿನಿಂದ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆಸಿ, ಬೆಚ್ಚನೆಯ ಒಣ ಜಾಗದಲ್ಲಿ ಎರಡು ಮೂರು ದಿನ ತೆರೆದಿಡಿಸಿ. ಬೇರಿಂಗುಗಳು ತಿರುಗಿದಾಗ ನಯವಾಗಿ ಕಂಡರೂ ಬದಲಿಸಿಬಿಡಿ. ಅವುಗಳ ಅಂಚಿನಲ್ಲಿ 6001 ಮುಂತಾದ ಸಂಖ್ಯೆ ಕೆತ್ತಿರುತ್ತದೆ. ಅದನ್ನು ಹೇಳಿದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಕೊಳ್ಳುವಾಗ ಸಂಖ್ಯೆಯ ಮುಂದೆ ‘ಝಡ್‌ಝಡ್’ ಎಂದಿರುವುದನ್ನು ತರಬೇಡಿ, ಅದರ ತಗಡಿನ ಮುಚ್ಚಳ ಧೂಳನ್ನು ತಡೆದೀತೇ ಹೊರತು ನೀರನ್ನು ತಡೆಯದು. ಎರಡೂ ಬದಿಗೆ ರಬ್ಬರಿನ ಸೀಲಿರುವ ‘2ಆರ್‌ಎಸ್’ ಕೇಳಿ. ನೈಲಾನ್ ಹಲ್ಲುಚಕ್ರಗಳಿಗೆ ಬಿಳಿ ಲಿಥಿಯಮ್ ಗ್ರೀಸನ್ನು ಹಲ್ಲು ಮುಚ್ಚುವಷ್ಟು ಮಾತ್ರ ಹಚ್ಚಿಸಿ, ಒಂದೇ ಕಡೆಗೆ ತಿರುಗುವ ಕ್ಲಚ್ಚಿಗೆ ದಪ್ಪ ಗ್ರೀಸು ತಾಗದಂತೆ ನೋಡಿಕೊಳ್ಳಲು ಹೇಳಿ. ಅಲ್ಲಿ ಗ್ರೀಸು ತುಂಬಿದರೆ ಮೋಟಾರು ತಿರುಗುತ್ತದೆ, ಚಕ್ರ ತಿರುಗುವುದಿಲ್ಲ.